ಹಸಿರು ಪಟ್ಟಿಯ ಮೇಲೆ ಕುರಡಿಗೆ

ಮಗ್ಗದ ಕೆಲಸಗಾರರ ಸೈಕಲ್ ದಾರಿಗೆಂದು ಮುಂಬಯಿಯಿಂದ ಬಂದ ಹಣದಲ್ಲಿ, ಮಾಗವಾಡಿಯ ನಗರಾಧ್ಯಕ್ಷ ಆಬಾಸಾಹೇಬ ಜಾಮದಾರರ ಬಂಗಲೆಯ ಎದುರಿನ ಬಯಲಿನಲ್ಲಿ ಕಾರಂಜಿ ಕಟ್ಟಲಾಯಿತು.

ಕಾರಂಜಿಯ ಸುತ್ತ ಸಿಮೆಂಟಿನ ಹಸಿರು ಕಪ್ಪೆಗಳು ಕೂತಿದ್ದವು. ಊರಿನ ನಳದಲ್ಲಿ ನೀರು ಬಾರದ ದಿನವೂ ಕಪ್ಪೆಗಳ ಬಾಯಲ್ಲಿ ಬರುತ್ತಿತ್ತು. ಹೀಗೆ ಚಿಮ್ಮುತ್ತ ಚಿಮ್ಮುತ್ತ ಮಾರ್ಚ್ ತಿಂಗಳ ಕೊನೆಯ ದಿನ ಬಂತು, ಅದರ ಹಿಂದೆಯೇ ಮುಂಬಯಿಯಿಂದ ಫೋನೂ ಬಂತು. ಲಿಮಯೆ ಮೇಡಂ ಎಂಬ ದೊಡ್ಡ ಅಧಿಕಾರಿ ಸಂಜೆಗೆ ಬರುತ್ತಾರೆ. ಸೈಕಲ್ ದಾರಿಯನ್ನು ಕಣ್ಣಾರೆ ನೋಡುತ್ತಾರೆ. ಸರಿ ಕಂಡರೆ ಎರಡನೇ ಕಂತಿಗೆ ಅಲ್ಲೇ ಸಹಿ. ಇವತ್ತು ತಪ್ಪಿದರೆ ಹಣ ಲ್ಯಾಪ್ಸ್.

ನಗರಪಾಲಿಕೆಯಲ್ಲಿ ತಪ್ಪು ಅನ್ನುವುದು ಮಳೆನೀರಿದ್ದ ಹಾಗೆ. ಮೇಲಿಂದ ಕೆಳಕ್ಕೇ ಹರಿಯುವುದು. ಆಬಾಸಾಹೇಬರಿಂದ ಅದು ಇಂಜಿನಿಯರ್ ದೇಶಮಾನೆಯ ಮೇಲೆ ಬಿತ್ತು, ದೇಶಮಾನೆ ಛತ್ರಿ ಹಿಡಿದ, ಅಲ್ಲಿಂದ ಜಾರಿ ಓವರ್ಸಿಯರನ ಮೇಲೆ ಬೀಳುವಷ್ಟರಲ್ಲಿ ಓವರ್ಸಿಯರ್ ಹೊಟ್ಟೆನೋವಿನ ರಜೆ ಹಾಕಿ ಹೋಗಿದ್ದ. ಹರಿದು ಹರಿದು ಅದು ಯಾವಾಗಲೂ ಬಂದು ನಿಲ್ಲುವ ಗುಂಡಿಯಲ್ಲೇ ಬಂದು ನಿಂತಿತು. ಆ ಗುಂಡಿಯ ಹೆಸರು ಭಾಲಚಂದ್ರ ಖೋತ.

ಭಾಲು ಕಾಮಗಾರಿ ವಿಭಾಗದ ಮುಕಾದಮ. ಕೂಲಿಯವರ ಮೇಲೆ ಮೇಲ್ವಿಚಾರಕ, ಉಳಿದವರೆಲ್ಲರ ಕೆಳಗೆ. ಮೀಸೆ ಮೂಡುವ ಮುಂಚೆ ದಿನಗೂಲಿಗೆ ಸೇರಿದವನು. ಈಗ ಮೀಸೆ ನರೆಯುತ್ತಿದ್ದರೂ ದಿನಗೂಲಿಯವನೇ. 'ಖಾಯಂ' ಎಂಬ ಶಬ್ದ ಕೇಳಿದರೆ ಅವನ ಮುಖ ವಿಠೋಬನ ಹೆಸರು ಕೇಳಿದ ವಾರಕರಿಯಂತೆ ಅರಳುತ್ತಿತ್ತು.

"ದಾರಿ ಮುಗದೈತಿ ಭಾಲು," ಅಂದ ದೇಶಮಾನೆ, ಕನ್ನಡಕ ಒರೆಸುತ್ತ. "ಕಾಗದದಾಗ ದೀಪಾವಳಿಗೇ ಮುಗದೈತಿ. ಬಿಲ್ಲೂ ಪಾಸಾಗೈತಿ. ನೆಲದ ಮ್ಯಾಲ ಬರೂದಷ್ಟ ಉಳದೈತಿ. ಸಂಜಿಯೊಳಗ ತಂದ್ಬಿಡು."

ಯಾವುದರಿಂದ ತರುವುದು ಅಂತ ಭಾಲು ಕೇಳಿದ. ಕಪ್ಪೆಗಳಿಗೆ ಬಳಿದು ಉಳಿದ ಎಣ್ಣೆಬಣ್ಣದ ಡಬ್ಬಿಗಳನ್ನು ದೇಶಮಾನೆ ಬೆರಳು ಮಾಡಿ ತೋರಿಸಿದ. ಸಾಲದಿದ್ದರೆ ಸೀಮೆಎಣ್ಣೆ ಬೆರೆಸಿಕೊ ಅಂದ. ಭಾಲು ತಲೆ ಕೆರೆದುಕೊಂಡು ನಿಂತದ್ದನ್ನು ಕಂಡು ಆಬಾಸಾಹೇಬರೇ ಒಳಗಿಂದ ಎದ್ದು ಬಂದರು. ಜಾಕೀಟಿನ ಒಳಜೇಬಿನಿಂದ ಒಂದು ಕಾಗದ ತೆಗೆದು, ಮಗುವಿಗೆ ಪೇಡೆ ತೋರಿಸುವಂತೆ ದೂರದಿಂದಲೇ ತೋರಿಸಿದರು. ಭಾಲಚಂದ್ರ ಖೋತನನ್ನು ಖಾಯಂ ಮಾಡುವ ಆದೇಶ. ಸಹಿಯ ಜಾಗ ಮಾತ್ರ ಖಾಲಿ.

"ಮೇಡಂ ಹೂಂ ಅಂದ್ರ ಇದರ ಮ್ಯಾಲ ಸಹಿ," ಅಂದರು ಆಬಾ. "ಊಹೂಂ ಅಂದ್ರ ನಾಳೆಯಿಂದ ನೀ ಬರೂದ ಬ್ಯಾಡ."

ಕಾಗದ ಜೇಬಿಗೆ ಹೋಯಿತು. ಅದರ ಹಿಂದೆ ಭಾಲುವಿನ ಜೀವವೂ ಹೋಯಿತು.

ದಾರಿ ಬರಬೇಕಾದದ್ದು ಮಿಲ್ ರಸ್ತೆಯಲ್ಲಿ. ಚೌಕದಿಂದ ಮಗ್ಗದ ಶೆಡ್ಡುಗಳವರೆಗೆ ಹೋಗುವ ಈ ರಸ್ತೆಯಲ್ಲಿ ನೂಲಿನ ಗಂಟು ಹೊತ್ತ ಲಾರಿಗಳು ಮದವೇರಿದ ಆನೆಗಳಂತೆ ಓಡುತ್ತವೆ. ಅವುಗಳ ಕಾಲಸಂದಿಯಲ್ಲಿ ಊರಿನ ಅರ್ಧ ಜನ ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋಗಿಬರುತ್ತಾರೆ. ಹೋಗುವವರೆಲ್ಲ ಬರುತ್ತಾರೆ ಅಂತ ಹೇಳಲಾಗದು. ಭಾಲುವಿನ ಹೆಂಡತಿ ಇಂದುಮತಿಯೂ ಹೀಗೆ ಸೈಕಲ್ಲಿನ ಮೇಲೆ ಹೋಗಿಬರುವವಳು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸ ಅವಳದು. ಹೋದ ಶ್ರಾವಣದಲ್ಲಿ ಲಾರಿಯೊಂದು ಅವಳನ್ನು ಸೈಕಲ್ ಸಮೇತ ಗಟಾರಕ್ಕೆ ನೂಕಿತ್ತು. ಡ್ರೈವರ್ ಇಳಿದು ಬಂದು ಲಾರಿಗೆ ಗೀರು ಬಿದ್ದಿದೆಯೇ ಅಂತ ನೋಡಿಕೊಂಡು ಹೋಗಿದ್ದ.

ಅವಳು ಆ ಬೆಳಿಗ್ಗೆ ಕೆಲಸಕ್ಕೆ ಹೊರಟವಳು, ಗಂಡ ಚೌಕದಲ್ಲಿ ಬಣ್ಣದ ಡಬ್ಬಿಗಳ ನಡುವೆ ನಿಂತದ್ದು ಕಂಡು ಬ್ರೇಕು ಹಾಕಿದಳು. ವಿಷಯ ಕೇಳಿ ಮೊದಲು ನಂಬಲಿಲ್ಲ. ಆಮೇಲೆ ನಂಬಿದಳು, ಯಾಕೆಂದರೆ ಕಪ್ಪೆಗಳ ಬಣ್ಣವನ್ನು ಗುರುತು ಹಿಡಿದಳು.

"ಏನರ ಆಗಲಿ, ಸೀದಾ ಹಾಕ್ರಿ," ಅಂದಳು. "ಇವತ್ತ ಸಂಜೀಕ ಇದರ ಮ್ಯಾಲೇ ಬರ್ತೀನಿ. ಲಾರಿಯವನ ಮುಖ ನೋಡಬೇಕು ನಾ."

ಸೀದಾ ಹಾಕುವುದೇ ಭಾಲುವಿನ ಮನಸ್ಸಿನಲ್ಲೂ ಇತ್ತು. ಹಗ್ಗ ಎಳೆದ, ಸುಣ್ಣದಲ್ಲಿ ಗೆರೆ ಹೊಡೆಸಿದ, ಇಬ್ಬರು ಕೂಲಿಯವರ ಕೈಗೆ ಬ್ರಶ್ಶು ಕೊಟ್ಟ. ಗೆರೆ ಧೋಂಡಿಬಾನ ವಡಾಪಾವಿನ ಗಾಡಿಯವರೆಗೆ ಬಾಣದಂತೆ ಬಂತು. ಗಾಡಿಯ ಹತ್ತಿರ ಧೋಂಡಿಬಾ ಎಣ್ಣೆ ಸೋರುವ ಜಾಲರಿ ಸೌಟು ಹಿಡಿದುಕೊಂಡೇ ಎದುರು ಬಂದ. ಸೈಕಲ್ ದಾರಿ ಅಂದರೆ ತನಗೆ ಪ್ರಾಣ, ಅದು ಆಗಲೇಬೇಕು, ಆದರೆ ಗಾಡಿಯ ಹಿಂದಿನಿಂದ ಹೋಗಲಿ ಅಂದ. ಭಾಲುವಿಗೆ ಒಂದು ಬಿಸಿ ವಡೆಯನ್ನೂ ಕೊಟ್ಟ. ವಡೆ ತಿಂದ ಬಾಯಿಂದ ಬೇಡವೆನ್ನಲು ಆಗಲಿಲ್ಲ. ಗೆರೆ ಬಾಗಿತು.

ಮುಂದೆ ನಿವೃತ್ತ ಗುರವ ಮಾಸ್ತರರ ಮನೆ. ಮನೆಯ ಮುಂದೆ ಅವರ ಕಾರು. ತಂದ ದಿನದಿಂದ ಹೊದಿಕೆ ಹೊದ್ದು ನಿಂತದ್ದು, ಇವತ್ತಿನವರೆಗೆ ಕದಲಿಲ್ಲ. ಅದರ ಕೆಳಗೆ ಒಂದು ಬೆಕ್ಕಿನ ಸಂಸಾರ ಮೂರನೇ ತಲೆಮಾರು ಕಂಡಿತ್ತು. ಮಾಸ್ತರು ಭಾಲುವನ್ನು ನಿಲ್ಲಿಸಿ, ತಮ್ಮ ಕಾಲದಲ್ಲಿ ಊರಿಗೆ ಊರೇ ಸೈಕಲ್ ಹೊಡೆಯುತ್ತಿದ್ದುದನ್ನೂ, ಅದರಿಂದ ಜನರ ಮೊಣಕಾಲೂ ನಡತೆಯೂ ಗಟ್ಟಿಯಾಗಿದ್ದುದನ್ನೂ ವಿವರಿಸಿದರು. ಕೊನೆಗೆ ದಾರಿಯನ್ನು ಕಾರಿನ ಆಚೆಯಿಂದ ಒಯ್ಯಲು ಹೇಳಿದರು. ಮಾಸ್ತರು ಭಾಲುವಿಗೆ ಮೂರನೇ ಇಯತ್ತೆಯಲ್ಲಿ ಕಿವಿ ಹಿಂಡಿದ್ದವರು. ಕಿವಿ ತಾನಾಗಿಯೇ ಕೆಂಪಾಯಿತು, ಗೆರೆ ಇನ್ನೊಮ್ಮೆ ಬಾಗಿತು.

ನವಯುವಕ ಮಂಡಳದ ಹುಡುಗರು ರಸ್ತೆಯ ಮೇಲೇ ಕೇರಂ ಹಲಗೆ ಇಟ್ಟಿದ್ದರು, ಪಕ್ಕದಲ್ಲಿ ಧ್ವಜದ ಕಂಬ ನೆಟ್ಟಿದ್ದರು. ಸೈಕಲ್ ದಾರಿಗಾಗಿ ಪ್ರಾಣ ಕೊಡುತ್ತೇವೆ ಅಂದರು. ಜಾಗ ಕೇಳಿದರೆ ಕೊಡಲಿಲ್ಲ.

ಹೀಗೆ ಮಿಲ್ ರಸ್ತೆಯ ಮನೆಮನೆಯೂ ಸೈಕಲ್ ದಾರಿಯ ಪರವಾಗಿಯೇ ಇತ್ತು, ಪಕ್ಕದ ಮನೆಯ ಮುಂದೆ ಹಾಯುವುದಾದರೆ. ಮಧ್ಯಾಹ್ನದ ಹೊತ್ತಿಗೆ ಹಸಿರು ಪಟ್ಟಿ ಹೆಂಡ ಕುಡಿದ ಹಾವು ಮನೆ ಹುಡುಕಿಕೊಂಡು ಹೋದ ಹಾಗೆ ಬಿದ್ದಿತ್ತು. ಸೀಮೆಎಣ್ಣೆ ಜಾಸ್ತಿಯಾಗಿ ಬಣ್ಣ ಒಣಗುವ ಲಕ್ಷಣ ಕಾಣಲಿಲ್ಲ. ಯಾರೂ ತುಳಿಯದಿರಲೆಂದು ಭಾಲು ಉದ್ದಕ್ಕೂ ಎರಡೂ ಕಡೆ ಇಟ್ಟಿಗೆ ಇಟ್ಟು, ಬಿದಿರು ನೆಟ್ಟು, ಹಗ್ಗ ಕಟ್ಟಿಸಿದ. ಕೂಲಿಯವರನ್ನು ಊಟಕ್ಕೆ ಕಳಿಸಿ, ತಾನು ಫಲಕ ತರಲು ಪೇಂಟರನ ಹತ್ತಿರ ಓಡಿದ.

ಫಲಕ ಬರೆಯುವ ಪೇಂಟರ್ ಆಬಾಸಾಹೇಬರ ಮುಖ ಬರೆಯುವುದರಲ್ಲಿ ಮುಳುಗಿದ್ದ. ಮುಖ ಎಮ್ಮೆಯಷ್ಟಾಗಿತ್ತು. 'ಸೈಕಲ್ ದಾರಿ' ಅಂತ ಬರೆಯಲು ಜಾಗ ಉಳಿಯದೆ, ಕಿವಿಯ ಹಿಂದೆ ಸೊಳ್ಳೆಯಷ್ಟು ದೊಡ್ಡ ಒಂದು ಸೈಕಲ್ ಕೂರಿಸಿದ್ದ. ಆಬಾರ ಕನ್ನಡಕ ಜಾರಿ ಅಲ್ಲಿ ಸಿಕ್ಕಿಕೊಂಡಿದೆ ಅನ್ನಬೇಕು, ಹಾಗೆ ಕಾಣುತ್ತಿತ್ತು. ಮೀಸೆ ಒಣಗುವವರೆಗೆ ಕಾದು, ಫಲಕ ತಲೆಯ ಮೇಲೆ ಹೊತ್ತು ಭಾಲು ಮಿಲ್ ರಸ್ತೆಗೆ ಮರಳಿದ.

ಮರಳಿದವನು ಹಸಿರು ಪಟ್ಟಿಯನ್ನು ಹುಡುಕಿದ. ಹಗ್ಗವಿತ್ತು, ಬಿದಿರಿತ್ತು, ಪಟ್ಟಿ ಇರಲಿಲ್ಲ. ಇದ್ದ ಜಾಗದಲ್ಲಿ ಚೌಕದಿಂದ ಕಣ್ಣು ಹಾಯುವವರೆಗೆ ಹಳೆಯ ಸೀರೆಗಳು ಹಾಸಿಕೊಂಡಿದ್ದವು. ಕೆಂಪು ಸೀರೆ, ಹಳದಿ ಸೀರೆ, ಹೂವಿನ ಸೀರೆ. ಸೀರೆಗಳ ಮೇಲೆ ಶಾವಿಗೆಯ ಎಳೆಯಂತೆ ಆಗಷ್ಟೇ ಅಚ್ಚಿನಿಂದ ಒತ್ತಿದ ಬಿಳಿ ಕುರಡಿಗೆಗಳು ಸುರುಳಿ ಸುರುಳಿಯಾಗಿ ಕೂತಿದ್ದವು. ಮುಂದೆ ಹಪ್ಪಳ. ಅದರ ಮುಂದೆ ಸಂಡಿಗೆ. ಓಣಿಯ ಹೆಂಗಸರೆಲ್ಲ ಹಗ್ಗದುದ್ದಕ್ಕೂ ಕೋಲು ಹಿಡಿದು ಕೂತು ಕಾಗೆ ಕಾಯುತ್ತಿದ್ದರು.

ಬೇಸಿಗೆ ಕಾಲಿಟ್ಟರೆ ಮಾಗವಾಡಿಯ ಹೆಂಗಸರು ವರ್ಷದ ಸಂಡಿಗೆ-ಕುರಡಿಗೆ ಹಾಕುವವರೇ. ಹಿಂದೆಲ್ಲ ಬಂಗಲೆಯ ಎದುರಿನ ಬಯಲಲ್ಲಿ ಹಾಕುತ್ತಿದ್ದರು. ಅಲ್ಲೀಗ ಕಪ್ಪೆಗಳು ಕೂತಿವೆ. ಬಯಲು ಹೋದಾಗ ಹೆಂಗಸರು ಲಟ್ಟಣಿಗೆ ಹಿಡಿದು ಮೋರ್ಚಾ ತಂದಿದ್ದರು. ಆಬಾಸಾಹೇಬರು ಕೈಮುಗಿದು, ತಾಯಂದಿರೇ, ಒಣಹಾಕಲು ಇದಕ್ಕಿಂತ ಚೊಕ್ಕ ಜಾಗ ಕೊಡುತ್ತೇನೆ ಅಂದಿದ್ದರು. ಆ ಮಾತನ್ನು ಅವರು ಮರೆತಿದ್ದರು. ಹೆಂಗಸರು ಮರೆತಿರಲಿಲ್ಲ.

ಮೋರ್ಚಾದ ಮುಂದಾಳು ಅಕ್ಕಾತಾಯಿ, ಭಾಲುವಿನ ಪಕ್ಕದ ಮನೆಯಾಕೆ, ಅವನನ್ನು ತೊಟ್ಟಿಲಲ್ಲಿ ಕಂಡವಳು. ಫಲಕ ಹೊತ್ತು ಬಂದವನನ್ನು ಕಂಡದ್ದೇ ಎದ್ದು ಬಂದಳು. ಅವನು ಬಾಯಿ ತೆರೆಯುವ ಮೊದಲೇ ಹಣೆಗೆ ಕುಂಕುಮ ಹಚ್ಚಿದಳು. ಅವನು ಬಾಯಿ ತೆರೆದ. ಆಕೆ ಬೆಲ್ಲದ ಚೂರು ಹಾಕಿದಳು. ನುಂಗಿ ಮತ್ತೆ ತೆರೆದ. ಇನ್ನೊಬ್ಬಾಕೆ ಹಸಿ ಹಿಟ್ಟಿನ ಉಂಡೆ ಇಟ್ಟಳು. ಕೈಗೆ ತೆಂಗಿನಕಾಯಿ ಬಂತು, ಆರತಿ ಆಯಿತು. ಫಲಕದ ಮೇಲೆ ಆಬಾರ ಮುಖ ಕಂಡು, ಮಾತು ಕೊಟ್ಟವರು ತಾವೇ ಹಾಜರಾಗಿದ್ದಾರೆ ಅಂತ ಅದಕ್ಕೂ ಕುಂಕುಮ ಬಿತ್ತು.

"ಅಕ್ಕಾತಾಯಿ," ಅಂದ ಭಾಲು, ಕೊನೆಗೂ ಬಾಯಿ ಬರಿದಾದಾಗ, "ಇದು ಸಂಡಿಗಿಗಲ್ಲ. ಸೈಕಲ್ಲಿಗೆ."

ಅಕ್ಕಾತಾಯಿ ಅವನನ್ನು ಕನಿಕರದಿಂದ ನೋಡಿದಳು. "ಬಿಸಲಾಗ ತಿರಗಿ ತಲಿ ಕೆಟ್ಟೈತಿ ನಿನಗ. ಈ ಊರಾಗ ಸೈಕಲ್ಲಿನವ್ರಿಗೆ ಅಂತ ಯಾರರ ಏನರ ಮಾಡ್ಯಾರೇನೋ, ಭಾಲ್ಯಾ? ಹಗ್ಗ ಕಟ್ಟಿ, ಕಸ ಹೊಡದು, ಬಣ್ಣ ಬಳದು? ಸೈಕಲ್ಲಿನವ್ರು ಸತ್ರ ಸುದ್ದೀನೂ ಬರೂದಿಲ್ಲ ಪೇಪರಿನಾಗ. ನಾವೇನ ಅಷ್ಟು ಹುಚ್ಚರಾ?"

ಭಾಲುವಿಗೂ ಬೆಳಿಗ್ಗೆಯವರೆಗೆ ಹಾಗೇ ಅನ್ನಿಸಿತ್ತು.

ಮೇಡಂ ಬರುತ್ತಾರೆ, ನನ್ನ ಖಾಯಂ ಆದೇಶ ಹೋಗುತ್ತದೆ, ಇದ್ದ ಕೂಲಿಯೂ ಹೋಗುತ್ತದೆ, ದಮ್ಮಯ್ಯ ತೆಗೆಯಿರಿ ಅಂತ ಗೋಗರೆದ. ಹೆಂಗಸರು ಮರುಗಿದರು. ಮರುಗಿ, ಹಸಿ ಕುರಡಿಗೆ ಮುಟ್ಟುವ ಹಾಗಿಲ್ಲ ಅಂದರು. ಒಣಗುವ ಮೊದಲು ಎತ್ತಿದರೆ ಎಳೆಎಳೆಯಾಗಿ ಹರಿದು ಹೋಗುತ್ತದೆ. ಇದು ಅಕ್ಕಾತಾಯಿಯ ಮೊಮ್ಮಗಳ ಮದುವೆಗೆ ಹಾಕಿದ್ದು. ಮದುವೆಯ ಕುರಡಿಗೆ ಮುರಿದರೆ ಅಪಶಕುನ. ಹಾಗಾದರೆ ಸೀರೆ ಸಮೇತ ಮೆಲ್ಲಗೆ ಎತ್ತಿ ಪಕ್ಕಕ್ಕಿಡೋಣ ಅಂತ ಭಾಲು ಒಂದು ಸೆರಗಿಗೆ ಕೈ ಹಾಕಿದ. ಸೀರೆ ಬರಲಿಲ್ಲ. ಎಳೆದ. ಚರ್ರೆಂದು ಒಂದು ಚೂರು ಕೈಗೆ ಬಂತು. ಸೀಮೆಎಣ್ಣೆಯ ಬಣ್ಣ ಒಣಗದೆ ಸೀರೆಗಳಿಗಾಗಿಯೇ ಕಾಯುತ್ತಿತ್ತೋ ಏನೋ. ಮಧ್ಯಾಹ್ನದ ಬಿಸಿಲಿನಲ್ಲಿ ಎರಡೂ ಅಂಟಿ ಒಂದಾಗಿದ್ದವು. ಊರಿನ ಹಳೆಯ ಸೀರೆಗಳೆಲ್ಲ ರಸ್ತೆಯ ಚರ್ಮವಾಗಿದ್ದವು.

ಆಗ ಗಲಾಟೆ ಎದ್ದಿತು. ಭಾಲು ಅಂಟಿನ ಮೇಲೆ ಸೀರೆ ಹಾಸಿಸಿ ಮೋಸ ಮಾಡಿದ ಅಂತ ಒಬ್ಬಳು. ನಿಮಗೆ ಹಾಸಲು ಹೇಳಿದ್ದು ಯಾರು ಅಂತ ಭಾಲು. ಹಗ್ಗ ಕಟ್ಟಿ ಕರೆದದ್ದು ಯಾರು ಅಂತ ಇನ್ನೊಬ್ಬಳು. ಈ ಸಂದಿಯಲ್ಲಿ ಒಂದು ಮೇಕೆ ಹಗ್ಗದ ಕೆಳಗೆ ನುಸುಳಿ, ಹಪ್ಪಳದ ಭಾಗದಲ್ಲಿ ತನ್ನ ಕೆಲಸ ಶುರು ಮಾಡಿತು. ಅಟ್ಟಿಸಿಕೊಂಡು ಹೋದರೆ ಅದು ಬಣ್ಣದ ಅಂಚು ತುಳಿದು, ಗುರವ ಮಾಸ್ತರರ ಕಾರಿನ ಬಿಳಿ ಹೊದಿಕೆಯ ಮೇಲೆ ಹತ್ತಿ, ಹಸಿರು ಗೊರಸಿನ ಗುರುತು ಒತ್ತಿ ಇಳಿಯಿತು. ಮಾಸ್ತರು ಹೊರಗೆ ಬಂದರು. ಅವರು ನೋಡಿದ್ದು ಮೇಕೆಯನ್ನಲ್ಲ, ಭಾಲುವನ್ನು.

ಸುದ್ದಿ ಕೇಳಿ ದೇಶಮಾನೆ ಸ್ಕೂಟರಿನಲ್ಲಿ ಬಂದ. ಚೌಕದಲ್ಲಿ ಇಳಿದು, ಒಮ್ಮೆ ಉದ್ದಕ್ಕೂ ನೋಡಿ, ಫುಟ್‌ಪಾತಿನ ಅಂಚಿನ ಮೇಲೆ ಕೂತುಬಿಟ್ಟ. ನಿನಗೆ ದಾರಿ ಮಾಡಲು ಹೇಳಿದ್ದೆ, ಬೀಗರ ಊಟ ಮಾಡಿಸಲು ಹೇಳಿರಲಿಲ್ಲ ಅಂತ ಸಣ್ಣ ದನಿಯಲ್ಲಿ ಅಂದು, ಆಬಾಸಾಹೇಬರಿಗೆ ಫೋನು ಹಚ್ಚಿದ.

ಆಬಾಸಾಹೇಬರು ಕಾರಿನಿಂದ ಇಳಿದಾಗ ಅವರ ಕಣ್ಣು ಕೆಂಡವಾಗಿದ್ದವು. ಎಲ್ಲ ಕಿತ್ತು ಬಿಸಾಡಿ ಅನ್ನುವ ಮಾತು ಗಂಟಲವರೆಗೆ ಬಂದದ್ದು ಎಲ್ಲರಿಗೂ ಕಂಡಿತು. ಅಷ್ಟರಲ್ಲಿ ಅಕ್ಕಾತಾಯಿ ಚೆಂಡುಹೂವಿನ ಮಾಲೆ ಹಾಕಿದಳು.

"ಮಾತ ಉಳಿಸ್ಕೊಂಡ್ರಿ ಆಬಾ," ಅಂದಳು. "ಖರೇ ಹೇಳ್ತೀನಿ, ನಾವು ನಂಬಿರಲಿಲ್ಲ. ಈ ಸಲ ನಮ್ಮ ಓಣಿ ಓಟೆಲ್ಲಾ ನಿಮಗ."

ಚುನಾವಣೆ ಮಳೆಗಾಲದ ಆಚೆಗೇ ಇತ್ತು. ಆಬಾರ ಗಂಟಲಲ್ಲಿದ್ದ ಮಾತು ಹಿಂದಕ್ಕೆ ಇಳಿಯಿತು. ಇಳಿಯುವಾಗ ಎಷ್ಟು ನೋವಾಯಿತೆಂಬುದು ಮುಖದಲ್ಲಿ ಕಂಡಿತು. ತಾಯಂದಿರ ಸೇವೆಯೇ ನನ್ನ ಸೇವೆ ಅಂದರು. ಹೆಂಗಸರು ಚಪ್ಪಾಳೆ ತಟ್ಟಿದರು. ಆಬಾ ನಗುತ್ತಲೇ ಭಾಲುವಿನ ಪಕ್ಕಕ್ಕೆ ಬಂದು, ನಗುತ್ತಲೇ ಅವನ ಕಿವಿಯಲ್ಲಿ, ಮೇಡಂ ಹೋದ ಮೇಲೆ ನಿನ್ನ ಚರ್ಮವನ್ನೂ ಹೀಗೇ ಹಾಸಿ ಒಣಗಿಸುತ್ತೇನೆ ಅಂದರು.

ಮೇಡಂ ಬಂದೇಬಿಟ್ಟರು.

ಲಿಮಯೆ ಮೇಡಂ ದಪ್ಪ ಕನ್ನಡಕದ, ದಣಿದ ಮುಖದ ಹೆಂಗಸು. ಬೆಳಗಿನಿಂದ ಊರೂರು ತಿರುಗಿ ಸೈಕಲ್ ದಾರಿ ನೋಡಿದ್ದರು, ಅಥವಾ ಸೈಕಲ್ ದಾರಿ ಇರಬೇಕಾದ ಜಾಗ ನೋಡಿದ್ದರು. ಕಾರಿನಿಂದಿಳಿದು ಹಗ್ಗದ ಹತ್ತಿರ ಬಂದು ನಿಂತರು. ಒಂದು ಕಾಗೆ ಕೂಗಿತು. ಅಕ್ಕಾತಾಯಿ ಅಧಿಕಾರಿಯ ಕಡೆ ನೋಡದೆ ಕೋಲು ಬೀಸಿ ಅದನ್ನು ಓಡಿಸಿದಳು.

"ಈ ಬಟ್ಟೆ ಯಾವುದು?" ಅಂತ ಕೇಳಿದರು ಮೇಡಂ.

ದೇಶಮಾನೆ ಬಾಯಿ ತೆರೆದ, ಮುಚ್ಚಿದ. ನೀರು ಬಾರದ ದಿನದ ನಳವೂ ಅದಕ್ಕಿಂತ ಹೆಚ್ಚು ಸದ್ದು ಮಾಡುತ್ತದೆ.

"ನಮ್ಮ ಹಳೇ ಸೀರಿ, ಮೇಡಂ," ಅಂದಳು ಅಕ್ಕಾತಾಯಿ.

"ನೀವೇ ಕೊಟ್ಟಿದ್ದಾ? ಇದಕ್ಕೆ?"

"ಮತ್ತ್ಯಾರ ಕೊಡತಾರ? ಮನಿಮನಿಯಿಂದ ತಂದೀವಿ."

ಮೇಡಂ ಕೂತು, ಉಗುರಿನಿಂದ ಒಂದು ಸೆರಗಿನ ಅಂಚು ಕೆದಕಿದರು. ಅಲುಗಲಿಲ್ಲ. ಚಪ್ಪಲಿ ಬಿಟ್ಟು, ಸಂಡಿಗೆ ಇಲ್ಲದ ಕಡೆ ನಾಲ್ಕು ಹೆಜ್ಜೆ ನಡೆದು ನೋಡಿದರು. ಜಾರಲಿಲ್ಲ. ಖರ್ಚು ಏನು ಬಂತು ಅಂತ ಕೇಳಿದರು. ಉತ್ತರ ಹೇಳಬೇಕಾದವರೆಲ್ಲ ಭಾಲುವಿನ ಮುಖ ನೋಡಿದರು. ಭಾಲುವಿಗೆ ಸುಳ್ಳು ಹೊಳೆಯುವಷ್ಟು ತ್ರಾಣ ಉಳಿದಿರಲಿಲ್ಲ.

"ಏನೂ ಇಲ್ರಿ ಮೇಡಂ. ಹಳೇ ಸೀರಿ, ಉಳದ ಬಣ್ಣ."

ಆಬಾಸಾಹೇಬರು ಕಣ್ಣು ಮುಚ್ಚಿಕೊಂಡರು. ದೀಪಾವಳಿಯಲ್ಲಿ ಪಾಸಾದ ಬಿಲ್ಲು ಅವರ ರೆಪ್ಪೆಯ ಹಿಂದೆ ಕುಣಿದಿರಬೇಕು. ಕಣ್ಣು ತೆರೆದಾಗ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಕಡಿಮೆ ಖರ್ಚಿನಲ್ಲಿ ಸೈಕಲ್ ದಾರಿ ಹೇಗೆ ಕಟ್ಟೋದು ಅಂತ ಮುಂಬಯಿಯಲ್ಲಿ ಸಭೆ ಮಾಡಿ ಮಾಡಿ ಸಾಕಾಗಿತ್ತು ನಮಗೆ," ಅಂದರು. "ಉತ್ತರ ಇಲ್ಲಿ ಬಿದ್ದಿತ್ತು ನೋಡಿ. ಮಗ್ಗದ ಊರು, ಬಟ್ಟೆಯ ದಾರಿ. ಅದೂ ತಾಯಂದಿರು ತಮ್ಮ ಸೀರೆ ಕೊಟ್ಟು."

ಅವರು ಕಂಡ ಬೇರೆ ಊರುಗಳ ಕತೆ ಹೊರಗೆ ಬಂತು. ಒಂದು ಕಡೆ ದಾರಿಗೆ ಕೆಂಪು ಹಂಚು ಹಾಕಿಸಿದ್ದರು. ಹಂಚು ಈಗ ಅಲ್ಲಿನ ನಗರಪಾಲಿಕೆ ಸದಸ್ಯರ ಬಚ್ಚಲಲ್ಲಿವೆ. ಇನ್ನೊಂದು ಕಡೆ ವಾಹನ ನುಗ್ಗದಿರಲೆಂದು ಕಬ್ಬಿಣದ ಗೂಟ ನೆಡಿಸಿದ್ದರು. ಗೂಟ ಗುಜರಿಗೆ ಹೋದವು, ಗುಂಡಿ ಉಳಿದವು. ಎಲ್ಲೆಡೆ ದಾರಿಯ ಮೇಲೆ ಕಾರು ನಿಂತಿವೆ. ಇಲ್ಲಿ ಒಂದು ಮೋಟರ್ ಸೈಕಲ್ ಕೂಡ ಯಾಕೆ ಹತ್ತಿಲ್ಲ ಅಂತ ಕೇಳಿದರು.

"ಹತ್ತಲಿ ನೋಡೂಣು," ಅಂದಳು ಅಕ್ಕಾತಾಯಿ, ಕೋಲು ನೆಲಕ್ಕೆ ಕುಟ್ಟಿ.

ಮೇಡಂಗೆ ಸಂಡಿಗೆಯ ಅರ್ಥವೂ ಆಯಿತು. ಗೂಟ ಕದಿಯುವವರು ಇದ್ದಾರೆ. ಹಪ್ಪಳ ಕಾಯುವ ಹೆಂಗಸರ ಮುಂದೆ ಯಾವ ಲಾರಿಯೂ ಬಾಲ ಬಿಚ್ಚುವುದಿಲ್ಲ. ಜನರ ಕಾವಲು, ಪುಕ್ಕಟೆ ಕಾವಲು. ಈ ಬಾಗುಗಳು ಯಾಕೆ ಅಂದಾಗ ದೇಶಮಾನೆಗೆ ಇದ್ದಕ್ಕಿದ್ದಂತೆ ನಾಲಿಗೆ ಬಂತು. ವೇಗ ತಗ್ಗಿಸಲು, ಮೇಡಂ. ಬಹಳ ಅಭ್ಯಾಸ ಮಾಡಿ ಹಾಕಿದ್ದು ಅಂದ. ಗುರವ ಮಾಸ್ತರು ತಮ್ಮ ಕಾರಿನ ಮುಂದೆ ಎದೆಯುಬ್ಬಿಸಿ ನಿಂತರು.

ಎರಡನೇ ಕಂತಿಗೆ ಸಹಿ ಬಿತ್ತು. ಧೋಂಡಿಬಾನ ಗಾಡಿಯ ಹಲಗೆಯ ಮೇಲೇ ಬಿತ್ತು. ಎಣ್ಣೆಯ ಕಲೆ ಸಮೇತ. ಇಂಥ ದಾರಿಯನ್ನು ಮಂತ್ರಿಗಳ ಕೈಯಿಂದಲೇ ಉದ್ಘಾಟಿಸಬೇಕು, ಜಿಲ್ಲೆಗೆಲ್ಲ ಮಾದರಿ ಮಾಡಬೇಕು ಅಂದರು ಮೇಡಂ. ಕಾರು ಹತ್ತುವ ಮುಂಚೆ ತಿರುಗಿ ನಿಂತು ಇನ್ನೊಂದು ಮಾತು ಸೇರಿಸಿದರು: ಮಂತ್ರಿಗಳು ಬರುವವರೆಗೆ ಇದು ಹೀಗೇ ಇರಬೇಕು. ಒಂದು ಗಾಲಿಯ ಗುರುತೂ ಬೀಳಬಾರದು.

ಸೈಕಲ್ ದಾರಿಯನ್ನು ನೋಡಲು ಬಂದವರೂ ತೋರಿಸಿದವರೂ ಅಷ್ಟು ಹೊತ್ತು ಮಾತಾಡಿದರು. ಒಬ್ಬರೂ ಸೈಕಲ್ ಎಲ್ಲಿ ಅಂತ ಕೇಳಲಿಲ್ಲ.

ಕಾರಿನ ಧೂಳು ಅಡಗಿದ ಮೇಲೆ ಆಬಾಸಾಹೇಬರು ದೇಶಮಾನೆಯನ್ನು ತಬ್ಬಿಕೊಂಡರು. ಕಪ್ಪೆಗಳ ನಡುವೆ ಒಂದು ಜೋಡಿ ಹಂಸ ಕೂರಿಸಿದರೆ ಹೇಗೆ ಅಂತ ಅಲ್ಲೇ ಯೋಚನೆ ಶುರುವಾಯಿತು. ಭಾಲು ಅವರ ಎದುರು ಹೋಗಿ, ಪ್ರಸಾದಕ್ಕೆ ಕೈ ಚಾಚಿದವನಂತೆ ನಿಂತ. ಆಬಾ ಒಳಜೇಬಿನಿಂದ ಕಾಗದ ತೆಗೆದರು. ಪೆನ್ನೂ ತೆಗೆದರು. ಪೆನ್ನಿನ ಟೋಪಿಯೂ ಬಿಚ್ಚಿತು. ಭಾಲುವಿನ ಕಣ್ಣು ತುಂಬಿ ಬಂತು.

"ಮಂತ್ರಿಗಳು ಬಂದು ಹೋಗಲಿ," ಅಂದು ಆಬಾ ಟೋಪಿ ಮತ್ತೆ ಹಾಕಿದರು. "ಆಮ್ಯಾಲ ಸಹಿ."

"ಸಾಹೇಬ್ರ, ಮೇಡಂ ಹೂಂ ಅಂದ್ರಲ್ರೀ. ನೀವ ಅಂದಿದ್ರಿ, ಹೂಂ ಅಂದ್ರ..."

"ಅಂದಾರ. ಹಿಂಗೇ ಇರಬೇಕು ಅಂತನೂ ಅಂದಾರ. ಅದನ್ನ ಯಾರು ನೋಡ್ಕೊಳ್ಳಾವ್ರು? ಖಾಯಂ ಮುಕಾದಮ ರಸ್ತೆ ಕಾಯಾಂಗಿಲ್ಲ ಭಾಲು, ಕಾಯ್ದೆ ಒಪ್ಪೂದಿಲ್ಲ. ದಿನಗೂಲಿಯವ ಕಾಯಬಹುದು. ಅದಕ್ಕೇ ಹೇಳ್ತೀನಿ, ಸದ್ಯಕ್ಕ ನೀ ಹಿಂಗ ಇರೂದ ಛಲೋ."

ಮಂತ್ರಿಗಳು ಯಾವಾಗ ಬರುತ್ತಾರೆ ಅಂತ ಭಾಲು ಕೇಳಿದ. ಮಂತ್ರಿ ಅಂದರೆ ಮಳೆ ಇದ್ದ ಹಾಗೆ, ಬಂದಾಗ ಬಂತು ಅಂದರು ಆಬಾ. ಹಗ್ಗ ಕಟ್ಟಿದ್ದ ಒಂದು ಬಿದಿರು ಕಿತ್ತು ಅವನ ಕೈಗೆ ಕೊಟ್ಟರು. ಶೆಡ್ಡುಗಳ ಕಡೆಯಿಂದ ಬರುವವರು ಹತ್ತದಂತೆ ದಾರಿಯ ಬಾಯಿಗೆ ಅಡ್ಡ ಹಿಡಿದು ನಿಲ್ಲಬೇಕು. ಒಂದು ಸೈಕಲ್ ಇದರ ಮೇಲೆ ಹತ್ತಿದರೂ ಆದೇಶವನ್ನು ಅವನೆದುರೇ ಹರಿದು ಗಾಳಿಗೆ ತೂರುವುದು, ಕೂಲಿಯೂ ಇವತ್ತಿಗೇ ಮುಗಿಯುವುದು. ಹೇಳಿ ಅವರು ಕಾರಿನಲ್ಲಿ ಕೂತರು, ಹೊರಡಲಿಲ್ಲ. ಕಿಟಕಿಯ ಗಾಜು ಇಳಿಸಿ ನೋಡುತ್ತ ಕೂತರು.

ಭಾಲು ಬಿದಿರು ಅಡ್ಡ ಹಿಡಿದ. ಬೆಳಿಗ್ಗೆ ಸೈಕಲ್ಲಿಗೆ ದಾರಿ ಮಾಡಲು ಬಂದವನು ಸಂಜೆಗೆ ಸೈಕಲ್ ತಡೆಯುವ ಕೆಲಸಕ್ಕೆ ಸೇರಿದ್ದ. ಬಡ್ತಿ ಅಂದರೆ ಇದೇ ಇರಬೇಕು ಅಂದುಕೊಂಡ.

ಕುರಡಿಗೆ ಗರಿಗರಿಯಾಗಿ ಒಣಗಿತ್ತು. ಹೆಂಗಸರು ಒಂದೊಂದಾಗಿ ಬಿಡಿಸಿ ಬುಟ್ಟಿಗೆ ತುಂಬತೊಡಗಿದರು. ಸೀರೆಗಳು ನೆಲಕ್ಕೇ ಉಳಿದವು. ಧೋಂಡಿಬಾನ ಗಾಡಿ ಸುತ್ತಿ, ಮಾಸ್ತರರ ಕಾರು ಬಳಸಿ, ಕೇರಂ ಹಲಗೆಗೆ ನಮಸ್ಕಾರ ಹಾಕಿ, ಹೂಹೂವಿನ ಒಂದು ದಾರಿ ಸಂಜೆಯ ಬಿಸಿಲಲ್ಲಿ ಖಾಲಿ ಬಿದ್ದಿತ್ತು. ಮಿಲ್ ರಸ್ತೆ ಹುಟ್ಟಿದಂದಿನಿಂದ ಅಷ್ಟು ಚಂದದ್ದನ್ನು ಕಂಡಿರಲಿಲ್ಲ.

ಶೆಡ್ಡುಗಳ ಕಡೆಯಿಂದ ಭೋಂಗಾ ಕೂಗಿತು. ಪಾಳಿ ಬಿಟ್ಟಿತ್ತು.

ಅವರು ಬರುವ ಸದ್ದು ಮೊದಲು ಬಂತು: ಎಣ್ಣೆ ಕಾಣದ ಚೈನುಗಳ ಕಿರುಗುಟ್ಟುವಿಕೆ, ಊಟದ ಡಬ್ಬಿಗಳ ಗಲಗಲ, ಹಿಂದಿನಿಂದ ಲಾರಿಯ ಹಾರನ್ನು. ಆಮೇಲೆ ತಲೆಗಳು ಕಂಡವು, ತಲೆಯ ಮೇಲೆ ಹತ್ತಿಯ ಧೂಳು. ಎಲ್ಲರಿಗಿಂತ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದವಳನ್ನು ಭಾಲು ಅಷ್ಟು ದೂರದಿಂದಲೇ ಗುರುತು ಹಿಡಿದ.

ಇಂದುಮತಿ ರಸ್ತೆ ಬಿಟ್ಟು ಹಸಿರು ಪಟ್ಟಿಯ ಬಾಯಿಗೆ ತಿರುಗಿದಳು. ಮುಂದಿನ ಗಾಲಿ ಬಿದಿರಿಗೆ ತಾಗಿ ನಿಂತಿತು. ಒಂದು ಕಾಲು ನೆಲಕ್ಕೆ ಊರಿ, ದಾರಿಯನ್ನು ನೋಡಿದಳು, ಸೀರೆಗಳನ್ನು ನೋಡಿದಳು. ಗಂಡನ ಹಣೆಯ ಕುಂಕುಮವನ್ನೂ ನೋಡಿದಳು.

"ಸೀದಾ ಹಾಕ್ರಿ ಅಂದಿದ್ದೆ," ಅಂದಳು. "ಇರಲಿ. ಬಿದಿರ ತಗೀರಿ."

ಭಾಲು ಪಿಸುದನಿಯಲ್ಲಿ ಎಲ್ಲ ಹೇಳಿದ. ಮೇಡಂ ಒಪ್ಪಿದ್ದು, ಮಂತ್ರಿ ಬರುವುದು, ಅಲ್ಲಿಯವರೆಗೆ ಗಾಲಿ ಹತ್ತಬಾರದು ಅನ್ನುವುದು, ಆಬಾರ ಜೇಬಿನ ಕಾಗದ, ನಾಳೆಯ ಕೂಲಿ. ಕೆಲವು ದಿನ ಅಷ್ಟೇ, ರಸ್ತೆಯ ಮೇಲೇ ಹೋಗು ಅಂದ. ಅವಳ ಹಿಂದೆ ಸೈಕಲ್ಲುಗಳು ಒಂದರ ಹಿಂದೊಂದು ಬಂದು ನಿಂತವು. ನಿಂತ ಸಾಲು ರಸ್ತೆಗೂ ಚಾಚಿತು, ದಾರಿ ಸಿಗದ ಲಾರಿಯವನು ಹಾರನ್ನಿನ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ.

"ಸೈಕಲ್ ದಾರಿ ಮ್ಯಾಲ ಸೈಕಲ್ ಹತ್ತಬಾರದು," ಅಂದಳು ಇಂದುಮತಿ, ಲೆಕ್ಕ ಒಪ್ಪಿಸುವವಳಂತೆ. "ಹತ್ತಿದ್ರ ನಿಮ್ಮ ಕೆಲಸ ಹೋಗ್ತೈತಿ. ಹತ್ತಲಿಲ್ಲಂದ್ರ?"

ಭಾಲು ಲಾರಿಯ ಕಡೆ ನೋಡಿದ.

ಕಾರಿನ ಕಿಟಕಿಯಿಂದ ಆಬಾರ ದನಿ ಬಂತು. ಯಾರಾಕೆ, ಯಾಕೆ ನಿಂತಳು, ಇಳಿಸು, ಇಳಿಸಿ ರಸ್ತೆಗೆ ಕಳಿಸು ಅಂತ. ಅಕ್ಕಾತಾಯಿ ಬುಟ್ಟಿ ಕೆಳಗಿಟ್ಟು, ಕೋಲು ಕೈಗೆತ್ತಿಕೊಂಡು, ಯಾರ ಕಡೆ ಹೋಗುವುದೆಂದು ಹೇಳದೆ ಎದ್ದು ನಿಂತಳು. ದೇಶಮಾನೆ ಸ್ಕೂಟರಿಗೆ ಕಿಕ್ ಹೊಡೆಯಲು ಶುರು ಮಾಡಿದ.

"ಇಂದೂ," ಅಂದ ಭಾಲು, ದನಿಯಲ್ಲಿ ಸರಕಾರ ತಂದುಕೊಳ್ಳಲು ನೋಡುತ್ತ, "ಸಾಹೇಬ್ರ ಹುಕುಂ ಐತಿ. ಇಳಿ."

ಇಂದುಮತಿ ನೆಲಕ್ಕೂರಿದ್ದ ಕಾಲನ್ನು ಎತ್ತಿ ಪೆಡಲಿನ ಮೇಲಿಟ್ಟಳು.

"ಇಳಿಯೂದಿಲ್ಲ," ಅಂದಳು.